ಗ್ರೀಕರ ಮಲ್ಲಶಾಲೆಯಲ್ಲಿ ನಾಲ್ಕು ದಿನಗಳ ಕಟ್ಟಳೆ

ಯಾವ ವಿದ್ಯೆಯಾದರೂ ಅಭ್ಯಾಸದಿಂದಲೇ ಕೈಗೂಡತಕ್ಕದ್ದು. ಶರೀರದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಓದಿದ ಪಾಠವನ್ನು ಕೆಲವು ತಿಂಗಳು ಬಿಟ್ಟರೂ ಅದು ನೆನಪಿನ ಮೂಲೆಯಲ್ಲಿ ಎಲ್ಲಿಯಾದರೂ ಉಳಿದಿರಬಹುದು. ಬಿಟ್ಟ ಸಾಮಿನ ಫಲವನ್ನಾದರೋ ತೋಳು ತೊಡೆಗಳು ಬಹುಕಾಲ ಕಾಪಾಡಿಕೊಳ್ಳಲಾರವು. ಆದುದರಿಂದಲೇ ವ್ಯಾಯಾಮವನ್ನು ಕಲಿಸುವವರು ಎಲ್ಲ ಕಾಲಗಳಲ್ಲಿಯೂ ಮೊದಲು ಬೋಧಿಸಿರುವುದು ನಿಯಮವನ್ನು. ಆದರೆ ಇದಕ್ಕೆ ಎದುರಾಗಿ ಇನ್ನೊಂದು ಮಾತೂ ಅಷ್ಟೇ ದೃಢವಾಗಿ ನಿಂತಿದೆ. ಒಂದೇ ಕೆಲಸವನ್ನು ಒಂದೇ ಪ್ರಮಾಣದಲ್ಲಿ ದಿನವೂ ಮಾಡುತ್ತ ಬಂದರೆ ಶರೀರವು ಅದಕ್ಕೆ ಒಗ್ಗಿಹೋಗಿ, ಮುಂದೆ ಬೆಳೆಯುವುದನ್ನು ನಿಲ್ಲಿಸುತ್ತದೆ. ದಿನವೂ ಪೂರ್ಣಬಲವನ್ನು ಸುರಿದು ದುಡಿಸಿದರೆ ಬೆಳೆಯುವುದಿರಲಿ, ಕುಂದಿಯೇ ಹೋಗುತ್ತದೆ. ಹೀಗೆ ನಿಯಮವೂ ಬೇಕು, ವೈವಿಧ್ಯವೂ ಬೇಕು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗಬೇಕೆಂಬುದೇ ಕಷ್ಟದ ಪ್ರಶ್ನೆ.

ಈ ಪ್ರಶ್ನೆಯು ಹೊಸದಲ್ಲ. ಗರಡಿಯಿದ್ದ ನಾಡುಗಳಲ್ಲೆಲ್ಲ ಇದು ಒಂದಲ್ಲ ಒಂದು ರೂಪದಲ್ಲಿ ಕೇಳಿಬಂದಿದೆ. ಆದರೆ ಇದನ್ನು ಶಾಸ್ತ್ರದ ಮಾತಾಗಿ ಎತ್ತಿಕೊಂಡು ಬಹುಕಾಲ ವಾದಿಸಿದವರು ಪ್ರಾಚೀನ ಗ್ರೀಕರು. ಅವರ ವಾದವು ಬರಿಯ ಮಾತಿನಲ್ಲಿ ಮುಗಿಯಲಿಲ್ಲ; ಕೊನೆಗೆ ಒಬ್ಬ ಗೆದ್ದ ಜಟ್ಟಿಯ ಪ್ರಾಣವೇ ಅದಕ್ಕೆ ದೃಷ್ಟಾಂತವಾಯಿತು. ಆದುದರಿಂದ ಅವರ ಕಥೆಯನ್ನು ಕ್ರಮವಾಗಿ ನೋಡುವುದು ಉಚಿತವಾಗಿದೆ.

ಪರಂಪರೆಯ ಲೆಕ್ಕದಂತೆ ಕ್ರಿ.ಪೂ. ೭೭೬ರಲ್ಲಿ ಮೊದಲಾದ ಒಲಿಂಪಿಯದ ಪಂದ್ಯಗಳು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತ, ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯವರೆಗೂ ಬಾಳಿದುವು. ಓಟ, ಕುಸ್ತಿ, ಮುಷ್ಟಿಯುದ್ಧ, ಚಕ್ರವನ್ನೂ ಈಟಿಯನ್ನೂ ಎಸೆಯುವುದು, ನೆಗೆತ, ರಥದ ಓಟ ಮೊದಲಾದುವು ಅಲ್ಲಿಯ ಸ್ಪರ್ಧೆಗಳು. ಗೆದ್ದವನಿಗೆ ದೇವರ ಸನ್ನಿಧಿಯಲ್ಲಿ ದೊರೆಯುತ್ತಿದ್ದುದು ಕಾಡು ಆಲಿವ್ ಮರದ ಎಲೆಗಳ ಒಂದು ಕಿರೀಟ ಮಾತ್ರ. ಆದರೂ ಆ ಎಲೆಗಳಿಗಾಗಿ ಗ್ರೀಸಿನ ಪ್ರತಿಯೊಂದು ಪಟ್ಟಣವೂ ತನ್ನ ತರುಣರನ್ನು ವ್ಯಾಯಾಮಶಾಲೆಗೆ ಕಳುಹಿಸುತ್ತಿದ್ದಿತು. ಅಲ್ಲಿ ಹುಡುಗರಿಗೆ ಪಟ್ಟುಗಳನ್ನು ಕಲಿಸುವವನು ಒಬ್ಬ. ಶರೀರದ ಸ್ಥಿತಿಯನ್ನರಿತು ಆಹಾರ, ನಿದ್ರೆ, ಶ್ರಮಗಳನ್ನು ಗೊತ್ತುಮಾಡುವ ಆಚಾರ್ಯನು ಇನ್ನೊಬ್ಬ. ಈ ಎರಡನೆಯವನ ಕೈಯಲ್ಲಿಯೇ ಜಟ್ಟಿಯ ಸೋಲುಗೆಲುವುಗಳೆಲ್ಲವೂ ಇದ್ದುವೆಂದು ಗ್ರೀಕರು ನಂಬಿದ್ದರು.

ನಿಯಮಕ್ಕೆ ಅಲ್ಲಿ ಎಷ್ಟು ಬೆಲೆಯಿದ್ದಿತೆಂಬುದು ಒಂದು ಪ್ರತಿಜ್ಞೆಯಿಂದ ತಿಳಿಯುತ್ತದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸನ್ನೆಲ್ಲ ಸಂಚರಿಸಿ ಕಂಡುದನ್ನು ಬರೆದಿಟ್ಟ ಪೌಸಾನಿಯಸನು ಅದನ್ನು ವರ್ಣಿಸಿದ್ದಾನೆ. ಒಲಿಂಪಿಯದ ಸಭಾಗೃಹದಲ್ಲಿ ಎರಡು ಕೈಗಳಲ್ಲಿಯೂ ಸಿಡಿಲನ್ನು ಹಿಡಿದ ಸ್ಯೂಸ್ ದೇವನ ವಿಗ್ರಹವಿದ್ದಿತು. ಜಟ್ಟಿಗಳೂ ಅವರ ತಂದೆಯರೂ ಅಣ್ಣತಮ್ಮಂದಿರೂ ಆಚಾರ್ಯರೂ ಬಲಿಕೊಟ್ಟ ಹಂದಿಯ ಮಾಂಸಖಂಡಗಳ ಮೇಲೆ ನಿಂತು, ಪಂದ್ಯದಲ್ಲಿ ಯಾವ ಮೋಸವನ್ನೂ ಮಾಡುವುದಿಲ್ಲವೆಂದು ಆಣೆಯಿಡಬೇಕಾಗಿದ್ದಿತು. ಇದಲ್ಲದೆ ಜಟ್ಟಿಗಳು ಮಾತ್ರ ಇನ್ನೊಂದು ಆಣೆಯನ್ನೂ ಇಡಬೇಕು. ಹಿಂದಿನ ಹತ್ತು ತಿಂಗಳು ಎಡೆಬಿಡದೆ ತಾವು ಅಭ್ಯಾಸದ ವಿಧಿಗಳನ್ನು ತಪ್ಪದೆ ನಡೆಸಿಕೊಂಡು ಬಂದಿರುವೆವೆಂಬುದೇ ಆ ಎರಡನೆಯ ಆಣೆ. ನಿತ್ಯಾಭ್ಯಾಸವನ್ನು ದೇವರ ಮುಂದೆ ಸಾಕ್ಷಿ ಹೇಳತಕ್ಕ ವ್ರತವನ್ನಾಗಿ ಎಣಿಸಿದ ಜನರು ಅವರು.

ಈ ವ್ರತವನ್ನು ಹಳೆಯ ಕಾಲದವರು ಹೇಗೆ ನಡೆಸುತ್ತಿದ್ದರೆಂಬುದನ್ನು ತಿಳಿಸುವ ಒಂದು ಗ್ರಂಥವು ಉಳಿದುಬಂದಿದೆ. ಅದನ್ನು ಬರೆದವನು ಫಿಲೊಸ್ಟ್ರಾಟಸ್, ಕಾಲ ಕ್ರಿ.ಶ. ಮೂರನೆಯ ಶತಮಾನದ ಪೂರ್ವಾರ್ಧ. ಅಪೊಲೋನಿಯಸನೆಂಬ ಸಿದ್ಧಪುರುಷನು ತಕ್ಷಶಿಲೆಗೆ ಬಂದು ಭಾರತದ ಜ್ಞಾನಿಗಳನ್ನು ಕಂಡನೆಂಬ ಕಥೆಯನ್ನು ವಿಸ್ತಾರವಾಗಿ ಬರೆದವನೂ ಇವನೇ. ವ್ಯಾಯಾಮವನ್ನು ಕುರಿತ ಇವನ ಗ್ರಂಥವು ಬಹುಕಾಲ ಕಣ್ಮರೆಯಾಗಿದ್ದು, ೧೮೪೪ರಲ್ಲಿ ಅದರ ಹಸ್ತಪ್ರತಿಯು ದೊರೆತು, ೧೮೫೮ರಲ್ಲಿ ಅಚ್ಚಾಯಿತು. ವ್ಯಾಯಾಮಶಾಸ್ತ್ರವು ತತ್ತ್ವವಿಚಾರ, ಕಾವ್ಯ, ಸಂಗೀತ, ರೇಖಾಗಣಿತಗಳಿಗೆ ಕಡಮೆಯಲ್ಲದ ಒಂದು ಜ್ಞಾನವೆಂಬ ಮಾತಿನಿಂದ ಅದು ಆರಂಭವಾಗುತ್ತದೆ.

ಹಳೆಯ ಜಟ್ಟಿಗಳು ನದಿಗಳಲ್ಲಿಯೂ ತೊರೆಗಳಲ್ಲಿಯೂ ಮೀಯುತ್ತಿದ್ದರು. ತೊಗಲನ್ನೋ ಹುಲ್ಲನ್ನೋ ಹಾಸಿಕೊಂಡು ನೆಲದ ಮೇಲೆ ಮಲಗುತ್ತಿದ್ದರು. ಜವೆಯ ರೊಟ್ಟಿಯನ್ನೂ ಜರಡಿ ಹಿಡಿಯದ ಗೋಧಿಯ ರೊಟ್ಟಿಯನ್ನೂ ತಿನ್ನುತ್ತಿದ್ದರು ಎಂದು ಫಿಲೊಸ್ಟ್ರಾಟಸನು ಹೇಳುತ್ತಾನೆ. ಅವರ ವ್ಯಾಯಾಮವೂ ಹೀಗೆಯೇ ಸಹಜವಾದುದು. ಒಬ್ಬನು ಭಾರವನ್ನು ಹೊರುವನು, ಇನ್ನೊಬ್ಬನು ಕುದುರೆಯೊಡನೆ ಓಡುವನು, ಮತ್ತೊಬ್ಬನು ದಪ್ಪ ಕಬ್ಬಿಣವನ್ನು ಬಗ್ಗಿಸುವನು ಇಲ್ಲವೆ ನೆಟ್ಟಗೆ ಮಾಡುವನು. ನಾಕ್ಸಸ್ ದ್ವೀಪದ ಟಿಸಾಂಡರನೆಂಬ ಮುಷ್ಟಿಮಲ್ಲನು ತನ್ನ ದ್ವೀಪದ ಭೂಶಿರಗಳನ್ನು ಸುತ್ತಿ ಸಮುದ್ರದಲ್ಲಿ ದೂರದೂರ ಈಜುತ್ತಿದ್ದನಂತೆ. ಇವರ ಬಾಳಿನ ಕ್ರಮವು ಬದಲಾಗುತ್ತಿರಲಿಲ್ಲ. ಕೆಲಸದ ಬಗೆಯಾದರೋ ಹೊಲ, ಕಡಲು, ಋತುಗಳು ಒಡ್ಡಿದಂತೆ ಬದಲಾಗುತ್ತಿದ್ದಿತು. ನಿಯಮವೂ ವೈವಿಧ್ಯವೂ ಬೇರೆಬೇರೆಯೆಂಬ ಯೋಚನೆಗೇ ಅಲ್ಲಿ ಎಡೆಯಿರಲಿಲ್ಲವೆಂಬುದು ಫಿಲೊಸ್ಟ್ರಾಟಸನು ಬರೆದ ಚಿತ್ರದಿಂದ ತೋರುವ ಭಾವ. ಹಿಂದಿನವರನ್ನು ಹೊಗಳಿ ಇಂದಿನವರನ್ನು ಹಳಿಯುವುದು ಎಲ್ಲ ಕಾಲದ ಲೇಖಕರ ಸ್ವಭಾವ. ಆದುದರಿಂದ ಈ ಚಿತ್ರದಲ್ಲಿ ಬಣ್ಣವು ಸ್ವಲ್ಪ ಹೆಚ್ಚಾಗಿರಬಹುದು. ಆದರೂ ಅದರಲ್ಲಿರುವ ಮುಖ್ಯಾಂಶವು ಅಲ್ಲಗಳೆಯತಕ್ಕದ್ದಲ್ಲ.

ಇಂಥ ಹಳೆಯ ಜಟ್ಟಿಗಳಲ್ಲಿ ಎಲ್ಲರಿಗಿಂತಲೂ ಹೆಸರಾದವನು ಕ್ರೊಟೊನ್ ಪಟ್ಟಣದ ಮಿಲೊ. ಕ್ರಿ.ಪೂ. ೫೪೦ರಲ್ಲಿ ಬಾಲಕರ ಕುಸ್ತಿಯಲ್ಲಿ ಗೆದ್ದು, ಅನಂತರ ಕ್ರಿ.ಪೂ. ೫೩೨ರಿಂದ ೫೧೬ರವರೆಗೆ ಐದು ಸಲ ದೊಡ್ಡವರ ಕುಸ್ತಿಯಲ್ಲಿ ಕಿರೀಟವನ್ನು ಪಡೆದವನು. ಅವನು ಒಂದು ಎಳೆಗರುವನ್ನು ಹೆಗಲಮೇಲೆ ಹೊರುತ್ತ ಬಂದು, ಅದು ಬೆಳೆದು ಹೋರಿಯಾದ ಮೇಲೆಯೂ ಹೊರಬಲ್ಲವನಾದನೆಂಬ ಕಥೆಯನ್ನು ರೋಮಿನ ಅಲಂಕಾರಶಾಸ್ತ್ರಜ್ಞನಾದ ಕ್ವಿಂಟಿಲಿಯನನು ಒಂದು ನೀತಿವಾಕ್ಯದಂತೆ ಉಲ್ಲೇಖಿಸಿದ್ದಾನೆ. ಕಥೆಯು ಅಕ್ಷರಶಃ ನಡೆದುದೆಂದು ಯಾರೂ ನಂಬಬೇಕಾಗಿಲ್ಲ. ಕರುವು ಬೆಳೆಯುವ ವೇಗದಲ್ಲಿ ಮನುಷ್ಯನ ಸ್ನಾಯುವು ಬೆಳೆಯಲಾರದು. ಎಲ್ಲಿಯೋ ಒಂದು ದಿನ ಕರುವೇ ಗೆಲ್ಲುತ್ತದೆ. ಆದರೆ ಆ ಕಥೆಯ ಒಳಗಿರುವ ತಿಳಿವಳಿಕೆಯು ದೊಡ್ಡದು. ಹೊರುವ ಕೆಲಸವು ದಿನವೂ ಒಂದೇ. ಹೊರುವ ಭಾರವು ಮಾತ್ರ ಎರಡು ದಿನ ಒಂದೇ ಸಮನಾಗಿರುವುದಿಲ್ಲ. ನಿಯಮದ ಒಳಗೆಯೇ ವ್ಯತ್ಯಾಸವನ್ನು ಸೇರಿಸಬಹುದೆಂಬುದನ್ನು ಇಷ್ಟು ಸುಲಭವಾಗಿ ಹೇಳುವ ದೃಷ್ಟಾಂತವು ಬೇರೆ ಸಿಕ್ಕುವುದು ಕಷ್ಟ.

ಮುಂದಿನ ಕಾಲದಲ್ಲಿ ಮಲ್ಲವಿದ್ಯೆಯು ಜೀವನೋಪಾಯವಾಯಿತು. ಬಹುಮಾನಗಳು ಬೆಳೆದುವು. ಆಹಾರವನ್ನೂ ನಿದ್ರೆಯನ್ನೂ ತೂಗಿ ಅಳೆಯುವ ವಿಧಿಗಳು ಹುಟ್ಟಿದುವು. ಜಟ್ಟಿಯ ಶರೀರವು ಹಳೆಯ ರೈತನ ಶರೀರವಾಗಿ ಉಳಿಯದೆ, ಒಂದೇ ಕೆಲಸಕ್ಕಾಗಿ ಸಾಕಿದ ಶರೀರವಾಯಿತು. ಇದರ ದೋಷವನ್ನು ಮೊದಲು ಎತ್ತಿ ತೋರಿಸಿದವರಲ್ಲಿ ಪ್ಲೇಟೊ ಒಬ್ಬನು. ಈ ಜಟ್ಟಿಗಳು ಬಾಳನ್ನೆಲ್ಲ ನಿದ್ರೆಯಲ್ಲಿಯೇ ಕಳೆಯುತ್ತಾರೆ. ಗೊತ್ತುಮಾಡಿದ ಕಟ್ಟಳೆಯಿಂದ ಸ್ವಲ್ಪ ಅತ್ತಿತ್ತ ಸರಿದರೂ ದೊಡ್ಡ ರೋಗಕ್ಕೆ ತುತ್ತಾಗುತ್ತಾರೆ. ನೀರು ಬದಲಾದರೂ ಊಟ ಬದಲಾದರೂ ಬಿಸಿಲು ಚಳಿಗಳಾದರೂ ತಡೆದುಕೊಳ್ಳಬೇಕಾದ ಯೋಧನಿಗೆ ಇಂಥ ಅಭ್ಯಾಸವು ತಕ್ಕುದಲ್ಲವೆಂದು ಅವನು ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ವಾದಿಸಿದನು. ನಿಯಮವೇ ಅತಿಯಾದರೆ ಅದು ಬಲವನ್ನು ಕೊಡುವುದಕ್ಕೆ ಬದಲಾಗಿ ಒಂದು ಬಗೆಯ ಅಂಗವೈಕಲ್ಯವನ್ನು ಕೊಡುತ್ತದೆಂಬುದು ಅವನ ಮಾತಿನ ತಾತ್ಪರ್ಯ.

ಅವನ ಶಿಷ್ಯನಾದ ಅರಿಸ್ಟಾಟಲನು ಲೆಕ್ಕವನ್ನೇ ಮುಂದಿಟ್ಟನು. ಒಲಿಂಪಿಯದಲ್ಲಿ ಗೆದ್ದವರ ಪಟ್ಟಿಯನ್ನು ನೋಡಿದರೆ, ಬಾಲ್ಯದಲ್ಲಿಯೂ ಗೆದ್ದು ದೊಡ್ಡವರಾದ ಮೇಲೆಯೂ ಗೆದ್ದವರು ಇಬ್ಬರು ಮೂವರು ಮಾತ್ರವೆಂದೂ, ಎಳೆತನದಲ್ಲಿಯೇ ಬಲಾತ್ಕಾರದ ಶ್ರಮದಿಂದ ಉಳಿದವರ ಶಕ್ತಿಯು ಬತ್ತಿಹೋದುದೇ ಇದಕ್ಕೆ ಕಾರಣವೆಂದೂ ಅವನು ರಾಜನೀತಿಯ ಗ್ರಂಥದಲ್ಲಿ ಬರೆದಿದ್ದಾನೆ. ನೀತಿಶಾಸ್ತ್ರದಲ್ಲಿ ಮಧ್ಯಮಮಾರ್ಗವನ್ನು ವಿವರಿಸುವಾಗಲೂ ಅವನಿಗೆ ನೆನಪಾದುದು ಮಲ್ಲಶಾಲೆಯೇ. ಹತ್ತು ತೂಕದ ಆಹಾರವು ಹೆಚ್ಚು, ಎರಡು ತೂಕದ್ದು ಕಡಮೆ ಎಂದ ಮಾತ್ರಕ್ಕೆ ಆಚಾರ್ಯನು ಎಲ್ಲರಿಗೂ ಆರು ತೂಕವನ್ನು ವಿಧಿಸುವುದಿಲ್ಲ. ಆರು ತೂಕವು ಮಿಲೊವಿಗೆ ಸಾಲದು. ಹೊಸದಾಗಿ ಬಂದ ಹುಡುಗನಿಗೆ ಮಿಕ್ಕಿಹೋಗುತ್ತದೆ. ಸರಿಯಾದ ಮಧ್ಯವೆಂಬುದು ಸಂಖ್ಯೆಗಳ ನಡುವೆ ಇರುವುದಲ್ಲ, ಆಯಾ ಮನುಷ್ಯನಿಗೆ ಹೊಂದಿಕೊಂಡಿರುವುದು. ಈ ಮಾತನ್ನು ಮುಂದಿನ ಆಚಾರ್ಯರು ನೆನಪಿಟ್ಟಿದ್ದರೆ ಒಂದು ಪ್ರಾಣವು ಉಳಿಯುತ್ತಿದ್ದಿತು.

ಫಿಲೊಸ್ಟ್ರಾಟಸನ ಕಾಲಕ್ಕೆ ಮಲ್ಲಶಾಲೆಗಳಲ್ಲಿ ಒಂದು ಹೊಸ ಕಟ್ಟಳೆಯು ನೆಲೆಗೊಂಡಿದ್ದಿತು. ಅದಕ್ಕೆ ಗ್ರೀಕರು ಟೆಟ್ರಾಡ್ ಎಂದು ಹೆಸರಿಟ್ಟಿದ್ದರು. ಚತುಷ್ಕವೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ನಾಲ್ಕು ದಿನಗಳು ಸೇರಿ ಒಂದು ಚಕ್ರ. ಒಂದೊಂದು ದಿನಕ್ಕೂ ಒಂದೊಂದು ಬಗೆಯ ಕೆಲಸ. ಮೊದಲನೆಯ ದಿನವು ಸಿದ್ಧತೆಯದು: ಚುರುಕಾದ ಸಣ್ಣಸಣ್ಣ ಚಲನೆಗಳಿಂದ ಶರೀರವನ್ನು ಎಚ್ಚರಿಸಿ ಮುಂದಿನ ಶ್ರಮಕ್ಕೆ ಅಣಿಮಾಡುವುದು. ಎರಡನೆಯ ದಿನವು ತೀವ್ರತೆಯದು: ಇದ್ದ ಬಲವನ್ನೆಲ್ಲ ಪಣಕ್ಕೊಡ್ಡಿ ಪರೀಕ್ಷಿಸುವುದು. ಮೂರನೆಯದು ಸಡಿಲಿಕೆಯ ದಿನ: ಹಿತಮಿತವಾದ ಚಲನೆಯಿಂದ ಶರೀರವನ್ನು ಚೇತರಿಸುವುದು. ನಾಲ್ಕನೆಯದು ಮಧ್ಯಮ ದಿನ: ಎದುರಾಳಿಯ ಹಿಡಿತದಿಂದ ತಪ್ಪಿಸಿಕೊಳ್ಳುವುದನ್ನೂ ಅವನನ್ನು ತಪ್ಪಿಸಿಕೊಳ್ಳಗೊಡದಿರುವುದನ್ನೂ ಕಲಿಯುವುದು. ಇದು ಮುಗಿದೊಡನೆ ಮತ್ತೆ ಮೊದಲಿನಿಂದ ಚಕ್ರವು ತಿರುಗುತ್ತದೆ.

ಈ ಏರ್ಪಾಡನ್ನು ಕಂಡುಹಿಡಿದವನು ಯಾರಾದರೂ ಆಗಲಿ, ದಡ್ಡನಲ್ಲ. ಶ್ರಮದ ಮೇಲೆ ಶ್ರಮವನ್ನು ಹೇರಿದರೆ ಫಲವಿಲ್ಲ, ಕಠಿನದಿನದ ಹಿಂದೆ ಸಿದ್ಧತೆಯೂ ಮುಂದೆ ವಿಶ್ರಾಂತಿಯೂ ಇರಬೇಕು, ಬಲದ ಅಭ್ಯಾಸಕ್ಕೆ ಒಂದು ದಿನವಾದರೆ ಯುಕ್ತಿಯ ಅಭ್ಯಾಸಕ್ಕೆ ಇನ್ನೊಂದು ದಿನ ಬೇಕು ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ವೈವಿಧ್ಯವನ್ನು ನಿಯಮದೊಳಗೆ ಕಟ್ಟಿಡಬೇಕೆಂಬ ಅವನ ಉದ್ದೇಶವು ಸರಿಯಾದುದೇ. ದೋಷವು ಹುಟ್ಟಿದುದು ಬೇರೆಡೆಯಲ್ಲಿ. ದಿನಗಳ ಬದಲಾವಣೆಯೇ ಬದಲಾಗದ ಕಟ್ಟಳೆಯಾಯಿತು. ಇಂದು ಎರಡನೆಯ ದಿನವೆಂದರೆ ಎರಡನೆಯ ದಿನವೇ. ಜಟ್ಟಿಗೆ ರಾತ್ರಿ ನಿದ್ರೆ ಬಂದಿತೋ ಇಲ್ಲವೋ, ಅವನು ಉಂಡುದು ಅರಗಿತೋ ಇಲ್ಲವೋ, ಅವನ ಮನಸ್ಸಿನಲ್ಲಿ ಯಾವ ಚಿಂತೆಯಿದೆಯೋ ಎಂಬುದನ್ನು ಕೇಳುವ ಅಗತ್ಯವೇ ಆಚಾರ್ಯನಿಗೆ ಇಲ್ಲವಾಯಿತು. ಬೆರಳೆಣಿಕೆ ಬಲ್ಲವನು ಆಚಾರ್ಯನಾಗಬಹುದಾಯಿತು. ವೈವಿಧ್ಯವೆಂಬುದು ಹೆಸರಿಗೆ ಮಾತ್ರ ಉಳಿದು, ಒಳಗೆ ಹಳೆಯ ಏಕರೂಪತೆಯೇ ನೆಲಸಿತು.

ಗೆರೆನಸನ ಸಾವು ಸಂಭವಿಸಿದುದು ಈ ಸ್ಥಿತಿಯಲ್ಲಿ. ಅವನು ಈಜಿಪ್ಟ್ ದೇಶದ ನೌಕ್ರಾಟಿಸ್ ಪಟ್ಟಣದ ಜಟ್ಟಿ. ಒಲಿಂಪಿಯದಲ್ಲಿ ಕುಸ್ತಿಯನ್ನು ಗೆದ್ದವನು. ಗೆದ್ದ ಸಂತೋಷದಲ್ಲಿ ಸ್ನೇಹಿತರು ಅವನಿಗೆ ಔತಣವನ್ನು ಮಾಡಿದರು. ಗೆಲುವಿನ ಮೂರನೆಯ ದಿನ ಅವನು ಅಭ್ಯಾಸವಿಲ್ಲದಷ್ಟು ಉಂಡನು, ಕುಡಿದನು, ನಿದ್ರೆಗೆಟ್ಟನು. ಮರುದಿನ ಮಲ್ಲಶಾಲೆಗೆ ಬಂದವನು ಏನನ್ನೂ ಮುಚ್ಚಿಡಲಿಲ್ಲ. ಹೊಟ್ಟೆಯು ಸರಿಯಾಗಿಲ್ಲವೆಂದೂ ಶರೀರವು ಸ್ವಸ್ಥವಾಗಿಲ್ಲವೆಂದೂ ಆಚಾರ್ಯನೊಡನೆ ತಾನಾಗಿಯೇ ಹೇಳಿಕೊಂಡನು. ಆಚಾರ್ಯನು ಕನಿಕರಪಡಲಿಲ್ಲ, ಚತುಷ್ಕದ ಸರಣಿಯು ಮುರಿದುಹೋಯಿತೆಂದು ಕೋಪಗೊಂಡನು. ಆ ದಿನದ ಪಾಲಿಗೆ ಬಂದಿದ್ದ ಶ್ರಮವನ್ನು ಅವನಿಂದ ಮಾಡಿಸಿಯೇ ತೀರಿದನು. ಆ ಶ್ರಮದ ನಡುವೆಯೇ ಗೆರೆನಸನು ಸತ್ತನು. ಅಥೆನ್ಸಿನಿಂದ ಎಲ್ಯೂಸಿಸಿಗೆ ಹೋಗುವ ದಾರಿಯ ಬಲಗಡೆಯಲ್ಲಿ ಅವನ ಗೋರಿಯಿದ್ದಿತೆಂದು ಫಿಲೊಸ್ಟ್ರಾಟಸನು ಬರೆದಿದ್ದಾನೆ.

ಫಿಲೊಸ್ಟ್ರಾಟಸನು ಆಚಾರ್ಯನ ಮೇಲೆ ಹೊರಿಸುವ ಅಪರಾಧವು ಕ್ರೌರ್ಯವಲ್ಲ, ಅಜ್ಞಾನ. ಜಟ್ಟಿಯು ಬಾಯಿಬಿಡದೆ ಇದ್ದರೂ ಅವನ ಮುಖವನ್ನು ನೋಡಿಯೇ ಆ ದಿನ ಏನನ್ನು ಮಾಡಿಸಬೇಕೆಂಬುದನ್ನು ಬಲ್ಲವನು ಆಚಾರ್ಯನು. ಈತನಾದರೋ ಬಾಯಿಬಿಟ್ಟು ಹೇಳಿದುದನ್ನು ಕೇಳಿಯೂ ಅರಿಯದೆ ಹೋದನು. ಹೆಚ್ಚು ಉಂಡವನಿಗೆ ಒಂದು ಬಗೆ, ಹೆಚ್ಚು ಕುಡಿದವನಿಗೆ ಮತ್ತೊಂದು ಬಗೆ, ಚಿಂತೆಯಲ್ಲಿರುವವನಿಗೆ ಬೇರೊಂದು ಬಗೆ ಎಂದು ಅವರವರ ಸ್ಥಿತಿಗೆ ತಕ್ಕಂತೆ ವ್ಯಾಯಾಮವು ಬೇರೆಯಾಗಬೇಕೆಂದು ಅವನು ವಿವರಿಸುತ್ತಾನೆ. ಮೈಗೆ ಬಳಿಯುವ ಮಣ್ಣಿನಲ್ಲಿಯೂ ಅವನು ಭೇದವನ್ನು ಕಂಡವನು: ಒಂದು ಬಗೆಯ ಧೂಳು ಬೆವರನ್ನು ಬಿಡಿಸುವುದು, ಇನ್ನೊಂದು ಚಳಿಗೊಂಡ ಅಂಗವನ್ನು ಬಿಸಿಮಾಡುವುದು. ಮಣ್ಣನ್ನೇ ಇಷ್ಟು ನೋಡಿ ಆರಿಸಬೇಕಾದಲ್ಲಿ ಮನುಷ್ಯನನ್ನು ನೋಡದೆ ದಿನವನ್ನು ಎಣಿಸುವುದು ಅವನಿಗೆ ಹಾಸ್ಯಾಸ್ಪದವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಚತುಷ್ಕದ ವಿರುದ್ಧ ಅವನು ಹೂಡುವ ಇನ್ನೊಂದು ವಾದವೂ ಗಮನಾರ್ಹವಾದುದು. ಒಲಿಂಪಿಯದಲ್ಲಿ ಸ್ಪರ್ಧಿಸಬೇಕಾದ ಜಟ್ಟಿಗಳು ಅದಕ್ಕೆ ಮೊದಲು ಎಲಿಸ್ ಪಟ್ಟಣದಲ್ಲಿ ತೀರ್ಪುಗಾರರ ಕಣ್ಣೆದುರಿಗೆ ಒಂದು ತಿಂಗಳು ಅಭ್ಯಾಸಮಾಡಬೇಕಾಗಿದ್ದಿತು. ಅಲ್ಲಿ ಮೊದಲೇ ಬರೆದಿಟ್ಟ ಯಾವ ಪಟ್ಟಿಯೂ ನಡೆಯುತ್ತಿರಲಿಲ್ಲ. ತೀರ್ಪುಗಾರರು ಆ ಹೊತ್ತಿಗೆ ತಕ್ಕಂತೆ ಏನನ್ನು ಹೇಳಿದರೆ ಅದನ್ನೇ ಮಾಡಬೇಕು. ಅಡ್ಡಿಮಾಡಿದರೆ ಜಟ್ಟಿಗೆ ಮಾತ್ರವಲ್ಲ, ಆಚಾರ್ಯನಿಗೂ ಬೆತ್ತದ ಏಟು ಕಾದಿರುತ್ತಿದ್ದಿತು. ವರ್ಷವಿಡೀ ಚತುಷ್ಕದಲ್ಲಿ ಬೆಳೆದ ಶರೀರವು ಅಲ್ಲಿ ಏನು ಮಾಡೀತು? ಸಮಯಕ್ಕೆ ತಕ್ಕಂತೆ ಬಾಗಲಾರದ ನಿಯಮವು, ಯಾವ ಸ್ಪರ್ಧೆಗಾಗಿ ಹುಟ್ಟಿತೋ ಆ ಸ್ಪರ್ಧೆಯ ಬಾಗಿಲಿನಲ್ಲಿಯೇ ಮುರಿದುಬೀಳುತ್ತಿದ್ದಿತು.

ಹಾಗಾದರೆ ಕಟ್ಟಳೆಯನ್ನು ಬಿಟ್ಟವನು ಯಾವುದನ್ನು ನೆಚ್ಚಬೇಕು? ಇದಕ್ಕೆ ಉತ್ತರವು ಫಿಲೊಸ್ಟ್ರಾಟಸನಿಗಿಂತ ಸ್ವಲ್ಪ ಹಿಂದಿನವನಾದ ಗೇಲನನಲ್ಲಿ ದೊರೆಯುತ್ತದೆ. ಕ್ರಿ.ಶ. ೧೨೯ರಲ್ಲಿ ಪೆರ್ಗಮಂ ಪಟ್ಟಣದಲ್ಲಿ ಹುಟ್ಟಿದ ಈ ವೈದ್ಯನು ತಾರುಣ್ಯದಲ್ಲಿ ಅಲ್ಲಿಯ ಖಡ್ಗಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡುತ್ತಿದ್ದವನು. ವೃತ್ತಿಯ ಜಟ್ಟಿಗಳ ಬಾಳನ್ನು ಕಟುವಾಗಿ ಟೀಕಿಸಿದವನು. ಆರೋಗ್ಯರಕ್ಷಣೆಯನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಶ್ರಮದ ಅಳತೆಯನ್ನು ಶರೀರದಿಂದಲೇ ಓದಿಕೊಳ್ಳಬೇಕೆಂದು ಕಲಿಸಿದನು. ಮೈಯಲ್ಲಿ ಬಣ್ಣವು ಅರಳುತ್ತ, ಅಂಗಗಳು ತುಂಬಿಬರುತ್ತ, ಚಲನೆಯು ಸಮನಾಗಿ ಸಾಗುತ್ತಿರುವವರೆಗೆ ಮುಂದುವರಿಯಬಹುದು. ಇವುಗಳಲ್ಲಿ ಯಾವುದಾದರೊಂದು ಇಳಿಮುಖವಾದರೆ ಆಗಲೇ ನಿಲ್ಲಿಸಬೇಕು. ಸಣ್ಣ ಚೆಂಡಿನ ಆಟವನ್ನು ಹೊಗಳಿ ಅವನು ಒಂದು ಚಿಕ್ಕ ಪ್ರಬಂಧವನ್ನೇ ಬರೆದನು. ಅದು ಮೈಯ ಎಲ್ಲ ಭಾಗಗಳನ್ನೂ ದುಡಿಸುತ್ತದೆ, ಬೇಕಾದಂತೆ ಬಿರುಸಾಗಿಯೂ ಮೆಲ್ಲಗೂ ಆಡಬಹುದು, ಬಡವನಿಗೂ ಬಿಡುವಿಲ್ಲದವನಿಗೂ ಎಟಕುತ್ತದೆ ಎಂಬುದೇ ಅವನ ಕಾರಣ. ಒಂದೇ ಆಟದೊಳಗೆ ಇಷ್ಟು ಹಿಗ್ಗು ಕುಗ್ಗುಗಳಿಗೆ ಎಡೆಯಿರುವುದನ್ನು ಅವನು ಮೆಚ್ಚಿದನು.

ಗ್ರೀಕರಲ್ಲಿ ಈ ಚರ್ಚೆಯು ವಾದಪ್ರತಿವಾದಗಳಿಂದ ಬೆಳೆದರೆ, ಭಾರತದ ಆಯುರ್ವೇದವು ಇದೇ ವಿಚಾರವನ್ನು ಬೇರೆ ದಾರಿಯಿಂದ ಬಂದು ಸೂತ್ರವಾಗಿ ಹೇಳಿದೆ. ಸುಶ್ರುತಸಂಹಿತೆಯು ವ್ಯಾಯಾಮವನ್ನು ಎಲ್ಲ ಋತುಗಳಲ್ಲಿಯೂ ದಿನದಿನವೂ ಮಾಡಬೇಕೆಂದು ವಿಧಿಸುತ್ತದೆ, ಇದು ನಿಯಮ. ಆದರೆ ಅರ್ಧಬಲದಿಂದ ಮಾತ್ರ ಮಾಡಬೇಕು, ಮೀರಿದರೆ ಅದೇ ಕೊಲ್ಲುವುದೆಂದು ಕೂಡಲೇ ಎಚ್ಚರಿಸುತ್ತದೆ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಈ ಆರನ್ನೂ ಪರೀಕ್ಷಿಸಿದ ಬಳಿಕವೇ ತೊಡಗಬೇಕೆನ್ನುತ್ತದೆ. ಇದು ವೈವಿಧ್ಯಕ್ಕೆ ಎಡೆ. ಅರ್ಧಬಲವನ್ನು ಅರಿಯುವ ಗುರುತೂ ಅಲ್ಲಿಯೇ ಇದೆ: ಉಸಿರು ಬಾಯಿಗೆ ಬಂದಿತೆಂದರೆ ಅಲ್ಲಿಗೆ ಸಾಕು. ವಾಗ್ಭಟನ ಅಷ್ಟಾಂಗಹೃದಯವು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಬಲ, ಉಳಿದ ಕಾಲಗಳಲ್ಲಿ ಇನ್ನೂ ಕಡಮೆ ಎಂದು ವಿಂಗಡಿಸುತ್ತದೆ. ಮಿತಿ ಮೀರಿ ಶ್ರಮಿಸುವವನನ್ನು ಆನೆಯನ್ನು ಎಳೆಯಹೋಗಿ ತಾನೇ ನಾಶವಾಗುವ ಸಿಂಹಕ್ಕೆ ಹೋಲಿಸುತ್ತದೆ. ಚರಕಸಂಹಿತೆಯು ಅಭ್ಯಾಸವನ್ನು ಬದಲಾಯಿಸುವ ರೀತಿಯನ್ನೂ ಕಲಿಸುತ್ತದೆ: ಹಳೆಯದನ್ನು ಕಾಲುಕಾಲು ಭಾಗವಾಗಿ ಬಿಡುತ್ತ, ಹೊಸದನ್ನು ಕಾಲುಕಾಲು ಭಾಗವಾಗಿ ಹಿಡಿಯುತ್ತ, ನಡುವೆ ಬಿಡುವುಗಳನ್ನು ಕೊಡುತ್ತ ಸಾಗಬೇಕು. ಒಂದೇ ದಿನದಲ್ಲಿ ಬಾಳನ್ನು ತಿರುಗಿಸಹೊರಟವನಿಗೆ ಇದಕ್ಕಿಂತ ಒಳ್ಳೆಯ ಬುದ್ಧಿವಾದವಿಲ್ಲ.

ಈ ಶಾಸ್ತ್ರವು ಅರಮನೆಯ ಗರಡಿಯಲ್ಲಿ ಹೇಗೆ ರೂಪುಗೊಂಡಿತೆಂಬುದಕ್ಕೆ ಸಾಕ್ಷಿಯು ಕನ್ನಡ ನಾಡಿನಲ್ಲಿಯೇ ಇದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೩೦ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವಿದೆ. ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರಿನಿಂದ ಈ ಗ್ರಂಥದ ಒಂದು ಭಾಗವು ೧೯೨೬ರಲ್ಲಿ ಮೈಸೂರಿನಲ್ಲಿಯೂ ಅಚ್ಚಾಗಿದೆ. ಜಟ್ಟಿಗಳನ್ನು ಬಲ, ವಯಸ್ಸು, ಮೈಕಟ್ಟುಗಳಿಗೆ ತಕ್ಕಂತೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸುವ ಸೋಮೇಶ್ವರನು ಅವರ ಅಭ್ಯಾಸವನ್ನೂ ಹಲವು ಶ್ರಮಗಳಾಗಿ ಬೇರ್ಪಡಿಸಿದ್ದಾನೆ. ಭಾರವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ತೋಳುಗಳನ್ನು ಪಳಗಿಸುವುದು ಇನ್ನೊಂದು, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಇಂದಿನ ಮಲ್ಲಕಂಬದ ಮೂಲವನ್ನು ವಿದ್ವಾಂಸರು ಈ ಕೊನೆಯದರಲ್ಲಿ ಗುರುತಿಸುತ್ತಾರೆ. ಒಂದೇ ಪದವು ಎಲ್ಲದರ ಕೊನೆಯಲ್ಲಿಯೂ ನಿಂತಿರುವುದು ಅರ್ಥವತ್ತಾಗಿದೆ. ಶ್ರಮವು ಒಂದೇ, ಅದರ ಮುಖಗಳು ಮಾತ್ರ ಹಲವು.

ಕನ್ನಡ ನಾಡಿನ ಗರಡಿಗಳಲ್ಲಿ ಈ ಸಂಪ್ರದಾಯವು ಬೇರೆಬೇರೆ ರೂಪಗಳಲ್ಲಿ ಬಾಳಿಬಂದಿದೆ. ಹೊತ್ತಿಗೆ ಸರಿಯಾಗಿ ಬರುವುದು, ಮಟ್ಟಿಯ ಮಣ್ಣನ್ನು ಹದಮಾಡುವುದು, ಹನುಮಂತನಿಗೆ ಕೈಮುಗಿಯುವುದು, ದಂಡ ಬಸ್ಕಿಗಳಿಂದ ಮೈಯನ್ನು ಕಾಯಿಸುವುದು ಇವು ಅಲ್ಲಿ ನಿತ್ಯದ ಮರ್ಯಾದೆಗಳು. ಆದರೆ ಯಾವ ಹುಡುಗನು ಎಷ್ಟು ಬಸ್ಕಿ ಹೊಡೆಯಬೇಕು, ಯಾರು ಯಾರೊಡನೆ ಹಿಡಿಯಬೇಕು, ಯಾರು ಇಂದು ಗದೆಯನ್ನು ಮುಟ್ಟದೆ ಮನೆಗೆ ಹೋಗಬೇಕು ಎಂಬುದನ್ನು ಹೇಳುವವನು ಮೂಲೆಯಲ್ಲಿ ನಿಂತು ನೋಡುತ್ತಿರುವ ಉಸ್ತಾದನು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು, ಪಾಶ್ಚಾತ್ಯರ ಕಬ್ಬಿಣದ ಗುಂಡುಗಳನ್ನೂ ಈ ದೇಶದ ಯೋಗಾಸನಗಳನ್ನೂ ಒಂದೇ ಶಿಕ್ಷಣದಲ್ಲಿ ಕೂಡಿಸಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಸಾಹಿತ್ಯರಸಿಕರಿಗೆ ಪರಿಚಿತರಾದ ಅವರು ಶರೀರದ ವಿಷಯದಲ್ಲಿಯೂ ಒಂದೇ ಮಾರ್ಗಕ್ಕೆ ಅಂಟಿಕೊಂಡವರಲ್ಲ; ಆದರೆ ಹಿಡಿದುದನ್ನು ದಿನವೂ ಮಾಡುವುದರಲ್ಲಿ ಸಡಿಲಿದವರೂ ಅಲ್ಲ.

ಈಚಿನ ವಿಜ್ಞಾನವು ಹಳೆಯ ಅನುಭವಕ್ಕೆ ಹೊಸ ಕಾರಣಗಳನ್ನು ಒದಗಿಸಿದೆ. ಶರೀರವು ಹೊರಗಿನ ಒತ್ತಡಕ್ಕೆ ಮೊದಲು ಬೆಚ್ಚಿ, ಅನಂತರ ಹೊಂದಿಕೊಂಡು, ಒತ್ತಡವು ಬಿಡದೆ ಮುಂದುವರಿದರೆ ಕೊನೆಗೆ ಬಳಲಿಹೋಗುವುದೆಂಬುದನ್ನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು ೧೯೩೬ರಲ್ಲಿ ಪ್ರಕಟಪಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಭಾರವನ್ನು ಮೆಲ್ಲಮೆಲ್ಲಗೆ ಏರಿಸುತ್ತ ಬಲವನ್ನು ಮರಳಿ ತಂದುಕೊಟ್ಟ ಅಮೆರಿಕದ ವೈದ್ಯ ಡೆಲಾರ್ಮನು ೧೯೪೫ರಲ್ಲಿ ತನ್ನ ವಿಧಾನವನ್ನು ಬರೆದು ತಿಳಿಸಿದನು. ಮಿಲೊವಿನ ಕರುವು ಹೀಗೆ ಆಸ್ಪತ್ರೆಯನ್ನು ಪ್ರವೇಶಿಸಿತು. ೧೯೬೦ರ ದಶಕದಲ್ಲಿ ಸೋವಿಯತ್ ದೇಶದ ಮತ್ವೇಯೆವನು ಕಠಿನದ ದಿನಗಳನ್ನೂ ಸುಲಭದ ದಿನಗಳನ್ನೂ ಅಲೆಗಳಂತೆ ವರ್ಷಕ್ಕೆಲ್ಲ ಹಂಚುವ ಕ್ರಮವನ್ನು ಶಾಸ್ತ್ರವಾಗಿ ಬೆಳೆಸಿದನು. ಗ್ರೀಕರ ಚತುಷ್ಕವು ಇದರಲ್ಲಿ ಮರುಹುಟ್ಟನ್ನು ಪಡೆಯಿತೆಂದರೆ ತಪ್ಪಾಗಲಾರದು. ಚತುಷ್ಕದ ಅಪಾಯವೂ ಜೊತೆಯಲ್ಲಿಯೇ ಹುಟ್ಟಿಬಂದಿದೆ. ಯಾರಿಗಾಗಿಯೋ ಬರೆದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡ ತರುಣನು, ಜ್ವರದ ಮರುದಿನವೂ ಪಟ್ಟಿಯಲ್ಲಿರುವ ಭಾರವನ್ನು ಎತ್ತಹೋಗುವುದುಂಟು. ಇನ್ನೊಬ್ಬನು ಬೇಸರವನ್ನು ತಾಳಲಾರದೆ ವಾರಕ್ಕೊಂದು ಪದ್ಧತಿಯನ್ನು ಹಿಡಿದು ಬಿಟ್ಟು, ಯಾವುದರ ಫಲವನ್ನೂ ಕಾಣದೆ ಹೋಗುವುದೂ ಉಂಟು. ಮೊದಲನೆಯವನು ಗೆರೆನಸನ ಆಚಾರ್ಯನನ್ನು ತನ್ನೊಳಗೇ ಇಟ್ಟುಕೊಂಡವನು. ಎರಡನೆಯವನು ಹತ್ತು ತಿಂಗಳ ಆಣೆಯನ್ನು ಎಂದಿಗೂ ಇಡಲಾರದವನು.

ಇಷ್ಟು ದೀರ್ಘವಾದ ಚರಿತ್ರೆಯಿಂದ ತಿಳಿದುಬರುವ ಅಂಶವು ಚಿಕ್ಕದೇ. ಅಭ್ಯಾಸಕ್ಕೆ ಬರುವ ಹೊತ್ತು, ಅಭ್ಯಾಸದ ಮೇಲಿನ ಶ್ರದ್ಧೆ, ಮುಖ್ಯವಾದ ಕೆಲವು ಶ್ರಮಗಳು ಇವು ಬದಲಾಗಬಾರದು. ಭಾರ, ಸಂಖ್ಯೆ, ವೇಗ, ಬಿಡುವು ಇವು ಶರೀರ ಹೇಳಿದಂತೆ ಬದಲಾಗಬೇಕು. ಯಾವುದು ಬದಲಾಗತಕ್ಕದ್ದೆಂಬುದನ್ನು ಪಂಚಾಂಗವು ಹೇಳಲಾರದು. ಬಣ್ಣ, ಬೆವರು, ಉಸಿರು, ನಿದ್ರೆ, ಹಸಿವುಗಳನ್ನು ಗಮನಿಸುವ ಕಣ್ಣು ಹೇಳಬೇಕು. ಆ ಕಣ್ಣು ಗುರುವಿನದಾಗಿದ್ದರೆ ಒಳ್ಳೆಯದು. ಗುರುವಿಲ್ಲದೆಡೆಯಲ್ಲಿ ಅಭ್ಯಾಸಿಯದೇ ಆಗಿರಬೇಕು. ನೌಕ್ರಾಟಿಸಿನ ಆ ಜಟ್ಟಿಗೆ ಅಂತಹ ಕಣ್ಣಿದ್ದಿತು. ತನ್ನ ಮೈಯ ಸ್ಥಿತಿಯನ್ನು ತಾನೇ ತಿಳಿದು, ಮುಚ್ಚಿಡದೆ, ಹೇಳಬೇಕಾದವನ ಮುಂದೆಯೇ ಹೇಳಿದನು. ಕೇಳಬೇಕಾಗಿದ್ದವನು ಮಾತ್ರ ಅಂದು ದಿನಗಳನ್ನು ಎಣಿಸುತ್ತಿದ್ದನು.